ಒಂದು ಹಂಪ್‌ಗೆ ನಾಲ್ಕು ಚಮಚ ಪೆಟ್ರೋಲ್

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಕಪಿಲೆ ತನ್ನ ಪಾಡಿಗೆ ಹರಿದು ಹೋಗಿ ಕಾವೇರಿಯನ್ನು ಕೂಡುತ್ತಾಳೆ. ಹೆದ್ದಾರಿಗೆ ಆ ಭಾಗ್ಯವಿಲ್ಲ. ಕೋಯಿಕ್ಕೋಡ್‌ನಿಂದ ಕೊಳ್ಳೇಗಾಲಕ್ಕೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿ, ಹಿಂದೆ ನಾವೆಲ್ಲ 212 ಎನ್ನುತ್ತಿದ್ದ ರಸ್ತೆ, ಎರಡೂ ಊರುಗಳನ್ನು ಮುಟ್ಟುತ್ತದೆ. ಆದರೆ ನಡುವೆ ಮೈಸೂರಿಗೆ ಹೋಗಿ ಬರುತ್ತದೆ. ಆ ಸುತ್ತು ಐವತ್ತು ಕಿಲೋಮೀಟರ್ ದಾಟುತ್ತದೆ. ಅದಕ್ಕೇ ಇಲ್ಲಿಯ ಜನ ಸುತ್ತೂರಿನ ಕಡೆಯ ಹಳ್ಳಿದಾರಿ ಹಿಡಿಯುತ್ತಾರೆ. ದೂರ ಉಳಿಯಿತು, ಅಷ್ಟೇ ಪೆಟ್ರೋಲೂ ಉಳಿಯಿತು ಎಂಬುದು ಎಲ್ಲರ ಲೆಕ್ಕ.

ಮೊದಲರ್ಧ ಸರಿ. ಎರಡನೆಯದು ಕಾರಿನೊಳಗೆ ಕೂತವರ ಬಲಗಾಲನ್ನು ಅವಲಂಬಿಸಿದೆ.

ನಮ್ಮಲ್ಲಿ ಕಾರು ಕೊಂಡವರಿಗೆ ಎದುರಾಗುವ ಮೊದಲ ಪ್ರಶ್ನೆ, "ಎಷ್ಟು ಕೊಡುತ್ತೆ?" ಕಾರು ಕೊಡುವುದು, ನಾವು ಪಡೆಯುವುದು, ಹಸುವಿನ ಹಾಲಿನ ಹಾಗೆ. ಶೋರೂಮಿನವರು ಹೇಳುವ ಅಂಕಿ ಪುಣೆಯ ಎಆರ್‌ಎಐನಂಥ ಸಂಸ್ಥೆಗಳ ಪರೀಕ್ಷೆಯಿಂದ ಬರುತ್ತದೆ. ಅಲ್ಲಿ ಕಾರು ರಸ್ತೆಗೆ ಇಳಿಯುವುದೇ ಇಲ್ಲ. ಉರುಳೆಗಳ ಮೇಲೆ ನಿಂತಲ್ಲೇ ಗೊತ್ತಾದ ವೇಗದಲ್ಲಿ ಚಕ್ರ ತಿರುಗಿಸುತ್ತದೆ. ಹಂಪ್ ಇಲ್ಲ, ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಇಲ್ಲ, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇಲ್ಲ. ಹಾಗಾಗಿ ಆ ಅಂಕಿ ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಸರಿ, ನಮ್ಮ ತಿಂಗಳ ಖರ್ಚಿಗೆ ಆಗುವುದಿಲ್ಲ. ನಮ್ಮದನ್ನು ನಾವೇ ಅಳೆಯಬೇಕು: ಬಂಕಿನಲ್ಲಿ ಪಂಪ್ ತಾನಾಗಿ ನಿಲ್ಲುವವರೆಗೆ ತುಂಬಿಸಿ ಕಿಲೋಮೀಟರ್ ಬರೆದುಕೊಂಡು, ಮುಂದಿನ ಸಲ ಅದೇ ಬಂಕಿನಲ್ಲಿ ಅದೇ ರೀತಿ ತುಂಬಿಸಿ, ಓಡಿದ ದೂರವನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಬೇಕು. ಒಂದು ಸಲದ ಲೆಕ್ಕವನ್ನು ನಂಬಬೇಡಿ, ಮೂರು ಸಲದ ಸರಾಸರಿ ತೆಗೆಯಿರಿ.

ಈಗ ಹಳ್ಳಿದಾರಿಗೆ ಬರೋಣ. ಊರು ಬಂತೆಂದರೆ ಹಂಪ್, ಶಾಲೆ ಬಂತೆಂದರೆ ಹಂಪ್, ದೇವಸ್ಥಾನಕ್ಕೊಂದು, ನಾಲೆ ಏರಿಯ ತಿರುವಿಗೊಂದು. ಚಾಲಕರು ಇವುಗಳನ್ನು ಬಯ್ಯುವುದು ಸೊಂಟಕ್ಕಾಗಿ ಮತ್ತು ಕಾರಿನ ತಳಕ್ಕಾಗಿ. ಟ್ಯಾಂಕಿಗಾಗಿ ಬಯ್ದವರನ್ನು ನಾನು ಕಂಡಿಲ್ಲ. ಆದ್ದರಿಂದ ಒಂದು ಲೆಕ್ಕ ಹಾಕಿ ನೋಡಿದೆ. ಜನ ಕೂತ ಸಣ್ಣ ಕಾರಿನ ತೂಕ 1,200 ಕಿಲೋ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಂದು, ಹಂಪ್ ಹತ್ತಿರ ಬ್ರೇಕ್ ಒತ್ತಿ 10ಕ್ಕೆ ಇಳಿಸಿದರೆ ಸುಮಾರು 160 ಕಿಲೋಜೌಲ್ ಶಕ್ತಿ ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಇದೆ. ಅದರಲ್ಲಿ ಚಕ್ರ ಮುಟ್ಟುವುದು ಹೆಚ್ಚೆಂದರೆ ಕಾಲು ಭಾಗ, ಉಳಿದದ್ದು ಎಂಜಿನ್ನಿನ ಬಿಸಿ ಮತ್ತು ಹೊಗೆ. ಅಂದರೆ ಕಳೆದುಕೊಂಡ ವೇಗವನ್ನು ಮತ್ತೆ ಗಳಿಸಲು 20 ಮಿಲಿಲೀಟರ್ ಬೇಕು. ಟೀ ಚಮಚದಲ್ಲಿ ನಾಲ್ಕು ಚಮಚ.

ಅದೇ ಹಂಪ್‌ಗೆ 45ರ ವೇಗದಲ್ಲಿ ಬಂದಿದ್ದರೆ? 11 ಮಿಲಿಲೀಟರ್, ಎರಡು ಚಮಚಕ್ಕೆ ಸ್ವಲ್ಪ ಮೇಲೆ. ವೇಗ ಕಾಲು ಭಾಗ ಕಡಿಮೆಯಾದರೆ ನಷ್ಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ಓಟದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೂವತ್ತು ಕಿಲೋಮೀಟರ್ ದಾರಿಯಲ್ಲಿ ಇಪ್ಪತ್ತು ಹಂಪ್ ಸಿಕ್ಕರೆ ಈ ವ್ಯತ್ಯಾಸ 180 ಮಿಲಿಲೀಟರ್. ದಿನಾ ಹೋಗಿ ಬರುವವರಿಗೆ ತಿಂಗಳ 25 ದಿನದಲ್ಲಿ 9 ಲೀಟರ್. ಪೆಟ್ರೋಲ್ ನೂರು ರೂಪಾಯಿಯ ಮೇಲಿರುವಾಗ ಇದು 900 ರೂಪಾಯಿಗೂ ಹೆಚ್ಚು. ಇದಕ್ಕೆ ಪ್ರತಿಯಾಗಿ ಕಳೆದುಕೊಳ್ಳುವುದು ಒಂದು ದಾರಿಗೆ ಹತ್ತು ನಿಮಿಷಕ್ಕಿಂತ ಕಡಿಮೆ ಸಮಯ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಪೆಟ್ರೋಲ್ ಲೀಟರಿಗೆ 3 ರೂಪಾಯಿ ತುಟ್ಟಿಯಾದಾಗ ಊರೂರಿನಲ್ಲಿ ಮಾತಾಯಿತು. ಬ್ರೇಕಿನಲ್ಲಿ ಕರಗುವ ಹಣ ಅದಕ್ಕಿಂತ ದೊಡ್ಡದು.

ಇದನ್ನು ನಂಜನಗೂಡಿನವರಿಗೆ ವಿವರಿಸುವುದು ಸುಲಭ. ದೊಡ್ಡ ಜಾತ್ರೆಯ ದಿನ ಶ್ರೀಕಂಠೇಶ್ವರನ ಗೌತಮ ರಥ ಮೊದಲ ಗೇಣು ಅಲುಗಬೇಕಾದರೆ ಎಷ್ಟು ಜನರ ತೋಳು ಬೇಕು ಎಂಬುದನ್ನು ನೋಡಿದವರು ಅವರು. ಒಮ್ಮೆ ಉರುಳತೊಡಗಿದರೆ ತೇರು ತಾನೇ ಹಗ್ಗ ಸಡಿಲಿಸುತ್ತದೆ. ಚಕ್ರಕ್ಕೆ ಮರದ ತುಂಡು ಕೊಟ್ಟು ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಎಳೆಯಬೇಕು. ನಮ್ಮ ಕಾರಿನಲ್ಲಿ ಆ ಹಗ್ಗ ಎಳೆಯುವುದು ಪೆಟ್ರೋಲ್.

ಹಾಗಾದರೆ ಮಾಡಬೇಕಾದ್ದು ಬ್ರೇಕ್ ಒತ್ತದಿರುವುದಲ್ಲ, ಬ್ರೇಕ್ ಒತ್ತುವ ಪ್ರಸಂಗ ಬರದ ಹಾಗೆ ಮೊದಲೇ ಕಾಲು ಎತ್ತುವುದು. ದೂರದಲ್ಲಿ ಹಂಪ್ ಕಂಡ ಕೂಡಲೇ ಆಕ್ಸಿಲರೇಟರ್ ಬಿಡಿ, ಗೇರ್‌ನಲ್ಲೇ ಉರುಳಲು ಬಿಡಿ. ಇಲ್ಲೊಂದು ಹಳೆಯ ತಪ್ಪು ತಿದ್ದಬೇಕಿದೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ಅನುಭವಸ್ಥ ಡ್ರೈವರುಗಳೇ ಕಲಿಸುತ್ತಾರೆ. 1983ರ ಡಿಸೆಂಬರಿನಲ್ಲಿ ಬೀದಿಗಿಳಿದ ಮಾರುತಿ 800ರಂಥ ಕಾರ್ಬ್ಯುರೇಟರ್ ಕಾರುಗಳ ಕಾಲದ ಮಾತು ಅದು. ಇಂದಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಗೇರ್ ಇದ್ದು ಕಾಲು ಎತ್ತಿದರೆ ಕಂಪ್ಯೂಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಆರದಿರಲು ಮತ್ತೆ ಪೆಟ್ರೋಲ್ ಕುಡಿಯುತ್ತದೆ. ಮೇಲಾಗಿ ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ ತಪ್ಪಿದ ಕಾರು ಅಪಾಯ.

ಸಂಕ್ರಾಂತಿಯ ಆಸುಪಾಸಿನಲ್ಲಿ ಈ ದಾರಿಯ ಸ್ವಭಾವವೇ ಬದಲಾಗುತ್ತದೆ. ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುತ್ತಾರೆ, ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ತೆವಳುತ್ತವೆ. ಮೈಲೇಜಿನ ಚಿಂತೆ ಇಲ್ಲಿ ಬಿಡಿ. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ಕಾರಿಗೆ ಬೆಂಕಿ ಹತ್ತಿದ್ದೂ ಉಂಟು. ಪಕ್ಕದಿಂದ ನಿಧಾನವಾಗಿ ದಾಟಿ, ಮುಂದೆ ನಿಲ್ಲಿಸಿ ತಳ ನೋಡುವುದೇ ಜಾಣತನ.

ಆ ಕಬ್ಬಿಗೂ ನಮ್ಮ ಟ್ಯಾಂಕಿಗೂ ಈಗ ನೇರ ಸಂಬಂಧವಿದೆ. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆ ಇದೆ, ಸುತ್ತಲಿನ ಬೆಳೆಗಾರರ ಬದುಕು ಅದನ್ನು ನೆಚ್ಚಿದೆ. ದೇಶದಲ್ಲಿ ಕಬ್ಬಿನ ರಸ, ಕಾಕಂಬಿ, ಮುಸುಕಿನ ಜೋಳ, ಅಕ್ಕಿಯಿಂದ ತೆಗೆದ ಎಥೆನಾಲನ್ನು ಪೆಟ್ರೋಲಿಗೆ ಶೇ 20ರಷ್ಟು ಬೆರೆಸಲಾಗುತ್ತಿದೆ. ಲೀಟರಿಗೆ ಲೀಟರ್ ನೋಡಿದರೆ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. 2021ರ ಜೂನ್‌ನಲ್ಲಿ ನೀತಿ ಆಯೋಗ ಹೊರತಂದ ವರದಿಯೇ ಹಳೆಯ ವಿನ್ಯಾಸದ ಕಾರುಗಳಲ್ಲಿ ಮೈಲೇಜ್ ಶೇ 6ರಿಂದ 7, ಹೊಸದಾಗಿ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2 ಇಳಿಯಬಹುದೆಂದು ಅಂದಾಜಿಸಿತ್ತು. ಹಿಂದೆ 18 ಕೊಡುತ್ತಿದ್ದ ಕಾರು ಈಗ 17 ಕೊಟ್ಟರೆ ಮೆಕ್ಯಾನಿಕ್ಕನ್ನು ಅನುಮಾನಿಸಬೇಡಿ. ಬೆಳೆಗಾರನಿಗೆ ಬೆಲೆ ಸಿಗಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಡಿಮೆ ಶಕ್ತಿಯ ಇಂಧನಕ್ಕೆ ಗ್ರಾಹಕ ಅದೇ ದರ ಕೊಡುವುದು ನ್ಯಾಯವಲ್ಲ.

ಮೈಸೂರು–ನಂಜನಗೂಡು ನಾಲ್ಕು ಪಥದ ರಸ್ತೆಗೆ ಹತ್ತಿದರೆ ಶತ್ರು ಬೇರೆ, ಅಲ್ಲಿ ಗಾಳಿ. 80ರಿಂದ 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟು ಮೀರುತ್ತದೆ. ಖಾಲಿ ಕ್ಯಾರಿಯರ್ ಬಿಚ್ಚಿಡಿ. ಹಳ್ಳಿದಾರಿಯ ವೇಗದಲ್ಲಿ ಕಿಟಕಿ ತೆರೆದರೆ ನಷ್ಟವಿಲ್ಲ, ಇಲ್ಲಿ ಮುಚ್ಚುವುದು ಮೇಲು. ಚಾಮರಾಜನಗರದ ರೈಲಿಗೆ ಗೇಟು ಹಾಕಿದಾಗ ಎಂಜಿನ್ ಆರಿಸಿ, ಮತ್ತೆ ಸ್ಟಾರ್ಟ್ ಮಾಡಲು ಬೇಕಾಗುವುದು ಹತ್ತು ಸೆಕೆಂಡು ನಿಂತು ಉರಿಸುವಷ್ಟು ಪೆಟ್ರೋಲೂ ಅಲ್ಲ. ಟಯರಿಗೆ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು ಗಾಳಿ ಹೊಡೆಸಿ. ಅದರಿಂದ ಸಿಗುವ ಉಳಿತಾಯ ಜನ ಹೇಳುವಷ್ಟಿಲ್ಲ, ಟಯರಿನ ಆಯಸ್ಸು ಮಾತ್ರ ನಿಜಕ್ಕೂ ಉಳಿಯುತ್ತದೆ. ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆಗಳಿಗೆ ದುಡ್ಡು ಸುರಿಯಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿದೆ, ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ.

ಕೊನೆಗೆ ಮತ್ತೆ ಹಂಪ್‌ಗೇ ಬರಬೇಕು. ಶಾಲೆಯ ಮಕ್ಕಳು ದಾಟುವ ಕಡೆ ಹಂಪ್ ಬೇಡ ಎನ್ನಲು ಯಾರಿಗೂ ಬಾಯಿ ಬಾರದು. ಬೇಡವೆನ್ನಬೇಕಾದ್ದು ರಾತ್ರೋರಾತ್ರಿ ಏಳುವ, ಬಣ್ಣವಿಲ್ಲದ, ಕಡಿದಾದ ದಿಬ್ಬಗಳನ್ನು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಂತೆ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇದ್ದರೆ ಕಾರು ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟುತ್ತದೆ. 45ರಿಂದ 25ಕ್ಕೆ ಇಳಿಯಲು ಬ್ರೇಕೇ ಬೇಡ, ಕಾಲು ಎತ್ತಿದರೆ ಸಾಕು, ಹಂಪ್ ದೂರದಿಂದಲೇ ಕಾಣುವಂತಿದ್ದರೆ. ನಂಜನಗೂಡು, ಟಿ. ನರಸೀಪುರದ ಲೋಕೋಪಯೋಗಿ ಇಲಾಖೆಯವರಲ್ಲಿ, ದಾರಿಯುದ್ದದ ಪಂಚಾಯಿತಿಗಳಲ್ಲಿ ಕೇಳಿಕೊಳ್ಳುವುದು ಇಷ್ಟೇ: ನಿಮ್ಮೂರಿನ ಹಂಪ್‌ಗಳನ್ನು ಅಳತೆಗೆ ತನ್ನಿ, ಅಷ್ಟಾಗದಿದ್ದರೆ ಈ ಮಳೆಗಾಲ ಮುಗಿದ ಕೂಡಲೇ ಬಿಳಿ ಪಟ್ಟಿಯನ್ನಾದರೂ ಬಳಿಸಿ, ಮುಂಚೆಯೇ ಕಾಣುವಂತೆ ಒಂದು ಫಲಕ ನೆಡಿಸಿ.