ಎಂಜಿನ್ ವೆಲ್ಡಿಂಗ್ ಯಂತ್ರ: ಕೆಲವು ಎಚ್ಚರಿಕೆಗಳು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ನೇಗಿಲು, ಗಾಡಿ, ಆಲೆಮನೆಯ ಗಾಣ ಮುರಿದಾಗ, ವಿದ್ಯುತ್ತಿಲ್ಲದೆಡೆಯಲ್ಲಿಯೂ ಬೆಸೆಯಲು ಎಂಜಿನ್ನಿನಿಂದ ನಡೆಯುವ ವೆಲ್ಡಿಂಗ್ ಯಂತ್ರವು ಬಹಳ ಉಪಯುಕ್ತವಾದುದು. ಆದರೆ ಇದನ್ನು ಆಲೆಮನೆಯೊಳಗಿಟ್ಟು ನಡೆಸಕೂಡದು. ಇದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆಸುತ್ತು ಬಂದು ಅರಿಯುವಷ್ಟರಲ್ಲಿ ಪ್ರಾಣವೇ ಹೋಗಬಹುದು. ಆದುದರಿಂದ ಯಂತ್ರವನ್ನು ಬಯಲಿನಲ್ಲಿ, ಹೊಗೆಯು ಬಾಗಿಲ ಕಡೆಗೆ ಬಾರದಂತೆ ನಿಲ್ಲಿಸತಕ್ಕದ್ದು.

ಕಿಡಿ ಹಾರುವ ಸ್ಥಳದಿಂದ ಕಬ್ಬಿನ ಸಿಪ್ಪೆ, ಸೋಗೆ, ಹುಲ್ಲುಗಳನ್ನು 35 ಅಡಿ ದೂರಕ್ಕೆ ಸಾಗಿಸಬೇಕು. ಒದ್ದೆ ನೆಲದಲ್ಲಿ ನಿಂತು ಬೆಸೆಯಕೂಡದು. ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆಯೇ ಇಂಧನ ತುಂಬಬೇಕು. ಪ್ರತಿದಿನವೂ ಚಾಲನೆಗೆ ಮುಂಚೆ ಯಂತ್ರವನ್ನು ಸಮನೆಲದಲ್ಲಿಟ್ಟು ಎಣ್ಣೆಯ ಮಟ್ಟ ನೋಡಿ, ಸವೆದ ತಂತಿಯಿದ್ದರೆ ಬದಲಾಯಿಸತಕ್ಕದ್ದು.

ಯಂತ್ರವನ್ನು ಬಾಡಿಗೆಗೆ ತರಿಸುವ ಜಮೀನುದಾರರೂ ಗ್ರಾಮದ ಮುಖಂಡರೂ ಇಷ್ಟನ್ನು ಕಣ್ಣಾರೆ ನೋಡಿದ ಮೇಲೆಯೇ ಕೆಲಸಕ್ಕೆ ಅಪ್ಪಣೆ ಕೊಡುವುದು ಶ್ರೇಯಸ್ಕರ.