ಒಂದೇ ವರ್ಷ, ಹಲವು ಲೆಕ್ಕ

ಕಾಲವು ಎಲ್ಲರಿಗೂ ಒಂದೇ. ಅದನ್ನು ಎಣಿಸುವ ಕ್ರಮ ಮಾತ್ರ ನಾಡಿಗೊಂದು, ಜನಕ್ಕೊಂದು. ಕಾಸರಗೋಡಿನ ನಮಗೆ ಇದು ಹೊಸ ಮಾತಲ್ಲ. ಗೋಡೆಯ ಒಂದೇ ಕ್ಯಾಲೆಂಡರಿನಲ್ಲಿ ಕ್ರಿಸ್ತಶಕ, ಶಕವರ್ಷ, ಕೊಲ್ಲವರ್ಷ, ಹಿಜರಿಗಳನ್ನು ಒಟ್ಟಿಗೆ ಕಾಣುವವರು ನಾವು. ಇಷ್ಟು ಲೆಕ್ಕಗಳೇಕೆ ಎಂದು ಬೇಸರಪಡುವವರು ಐಹೊಳೆಯ ಶಾಸನವನ್ನೊಮ್ಮೆ ನೆನೆಯಬೇಕು.

ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ, ಮೇಗುತಿ ಗುಡ್ಡದ ಮೇಲೆ, ಒಂದು ಜಿನಾಲಯವಿದೆ. ಕಟ್ಟಿಸಿದವನು ರವಿಕೀರ್ತಿ, ಅದರ ಗೋಡೆಯ ಸಂಸ್ಕೃತ ಶಾಸನವನ್ನು ರಚಿಸಿದವನೂ ಅವನೇ. ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ವರ್ಣಿಸಿದ ಕವಿ, ಕಾಲವನ್ನು ಎರಡು ಬಗೆಯಾಗಿ ಹೇಳಿದ್ದಾನೆ: ಭಾರತಯುದ್ಧದಿಂದ 3735 ವರ್ಷ, ಶಕರಾಜರ ಕಾಲದಿಂದ 556 ವರ್ಷ ಸಂದಿವೆ.

ಇವೆರಡರ ಅಂತರ 3179. ಇಂದಿನ ಪಂಚಾಂಗದಲ್ಲಿ ಗತಕಲಿಯಿಂದ ಗತಶಕವನ್ನು ಕಳೆದರೂ ಉಳಿಯುವುದು ಅದೇ 3179! ಒಂದು ಲೆಕ್ಕಕ್ಕೆ ಇನ್ನೊಂದು ಸಾಕ್ಷಿಯಾಗಿ ನಿಂತಿದೆ. 556ಕ್ಕೆ 78 ಕೂಡಿಸಿದರೆ ಕ್ರಿ.ಶ. 634; ವರ್ಷವು ಚೈತ್ರದಿಂದ ಮೊದಲಾಗುವುದರಿಂದ 634–35 ಎನ್ನುತ್ತೇವೆ.

ಅದೇ ವರ್ಷ ವಿಕ್ರಮಶಕದಲ್ಲಿ 691. ಹಿಜರಿಯಲ್ಲಿ ಬಹುಪಾಲು 13. ಆದರೆ ಆಗ ಅರಬ್ಬರಲ್ಲಿ ಯಾರೂ 13 ಎಂದು ಬರೆದಿರಲಾರರು. 622ರಿಂದ ಎಣಿಸುವ ಆ ಕ್ರಮವನ್ನು ಖಲೀಫ ಉಮರರು ಜಾರಿಗೆ ತಂದುದು ಕೆಲವು ವರ್ಷಗಳ ಅನಂತರ. ಚೀನಾದಲ್ಲಿ ಅದು ಚಕ್ರವರ್ತಿ ತಾಯ್‌ಜೊಂಗನ ಆಳಿಕೆಯ ಜೆನ್‌ಗ್ವಾನ್ 8ನೆಯ ವರ್ಷ. 649ರಲ್ಲಿ ಅವನು ತೀರಿಕೊಂಡ ಮೇಲೆ ಆ ಎಣಿಕೆಯೂ ಮುಗಿಯಿತು. ಅರಸರು ಅಳಿದರೂ ಶಕದ ಎಣಿಕೆ ಮುಂದುವರಿಯಿತು. ನಮ್ಮ ಕೊಲ್ಲವರ್ಷವಾದರೋ ಇನ್ನೂ ಹುಟ್ಟಿರಲೇ ಇಲ್ಲ. ಅದರ ಆರಂಭ 825ರಲ್ಲಿ.

ಒಂದು ವರ್ಷ ಖಚಿತವಾದುದರಿಂದ ಆದ ಲಾಭವೇನು? ಶಾಸನದಲ್ಲಿ ಕಾಳಿದಾಸ, ಭಾರವಿಯರ ಹೆಸರುಗಳಿವೆ. ಆದ್ದರಿಂದ ಆ ಮಹಾಕವಿಗಳ ಕೀರ್ತಿ 634ರ ವೇಳೆಗೆ ಕನ್ನಡನಾಡಿನಲ್ಲಿ ನೆಲೆಸಿತ್ತೆಂದು ನಾವು ನಿಸ್ಸಂದೇಹವಾಗಿ ಹೇಳಬಲ್ಲೆವು. ಅವರ ಕಾಲವನ್ನು ಇದಕ್ಕಿಂತ ಈಚೆಗೆ ತರಲು ಯಾರಿಗೂ ಸಾಧ್ಯವಿಲ್ಲ.

ಇದರಲ್ಲಿ ನಮಗೂ ಪಾಠವಿದೆ. ಮನೆಯ ಹಳೆಯ ಕಾಗದದಲ್ಲಿ ಬರಿದೆ 1100 ಎಂದಿದ್ದರೆ ಏನೆಂದು ತಿಳಿಯಬೇಕು? ಕೊಲ್ಲವರ್ಷವಾದರೆ ಅದು 1924–25, ಶಕವಾದರೆ 1178–79. ನಡುವೆ 746 ವರ್ಷಗಳ ಅಂತರ! ಲೆಕ್ಕ ಯಾವುದೆಂದು ಬಲ್ಲ ಹಿರಿಯರು ಇರುವಾಗಲೇ ಕೇಳಿ, ಅಂಕಿಯ ಪಕ್ಕದಲ್ಲಿ ಶಕದ ಹೆಸರನ್ನೂ ಬರೆದಿಡೋಣ. ರವಿಕೀರ್ತಿಯ ಹಾಗೆ ಎರಡು ಲೆಕ್ಕಗಳಲ್ಲಿ ಬರೆದರೆ ಇನ್ನೂ ಒಳಿತು. ಮುಂದೆ ಓದುವವರು ನಮ್ಮ ಮಕ್ಕಳೇ ಅಲ್ಲವೆ?