ರಾಯದುರ್ಗದ ಹಳೇ ಕ್ರಯಪತ್ರ, ಇವತ್ತಿನ ದಾವೆ

ರಾಯದುರ್ಗ 1953ರ ತನಕ ಬಳ್ಳಾರಿ ಜಿಲ್ಲೆಯಲ್ಲಿತ್ತು. ಹಾಗಾಗಿ ಅಲ್ಲಿನ ಹಳೇ ಕ್ರಯಪತ್ರ ಕನ್ನಡದ್ದಿರಬಹುದು. ಇವತ್ತಿನ ದಾವೆ ತೆಲುಗಲ್ಲೋ ಇಂಗ್ಲಿಷಲ್ಲೋ ನಡೆಯುತ್ತೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಾದಪತ್ರದ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ‘ದಾರಿ’ ಅಂತಿದೆ, ಸಮನ್ಸ್ ಕೊಟ್ಟು ತರಿಸಿದ ಪತ್ರದಲ್ಲಿ ‘ಹಳ್ಳ’. ಪತ್ರ ಬಂತಲ್ಲ, ಸಾಕು ಅಂದ್ಕೊಂಡಿದ್ದೆ ನಾನು. ಸಾಲದು. ವಾದಪತ್ರದಲ್ಲಿ ಹೇಳದ ಸಂಗತಿಗೆ ಸಾಕ್ಷ್ಯ ನಿಲ್ಲುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 17ರಂತೆ ತಿದ್ದುಪಡಿ ಕೇಳಬೇಕು. ವಿಚಾರಣೆ ಶುರುವಾಗಿದ್ದರೆ, ತಕ್ಕ ಜಾಗ್ರತೆ ವಹಿಸಿದ್ದರೂ ಇದನ್ನು ಮೊದಲೇ ಎತ್ತಲಾಗುತ್ತಿರಲಿಲ್ಲ ಅಂತ ಕೋರ್ಟಿಗೆ ಮನವರಿಕೆಯಾಗಬೇಕು. ಇದು 2002ರಲ್ಲಿ ಬಂದ ಷರತ್ತು. ನಕಲು ಮನೇಲೇ ಇತ್ತು, ಕನ್ನಡ ಓದೋರಿರ್ಲಿಲ್ಲ ಅಂದ್ರೆ ಒಪ್ಪಿಸೋದು ಕಷ್ಟ ಅಂತ ನನಗನ್ನಿಸುತ್ತೆ.

ಇನ್ನು, ಪತ್ರ ಹಾಜರುಪಡಿಸಿದ ಗುಮಾಸ್ತರು ಅಷ್ಟಕ್ಕೇ ಸಾಕ್ಷಿಯಾಗೋದಿಲ್ಲ. ಅವರಿಗೆ ಪಾಟೀಸವಾಲೂ ಇಲ್ಲ. ‘ಹಳ್ಳ’ ಅಂದ್ರೇನು ಅನ್ನೋದು ಅನುವಾದದಲ್ಲೇ ಬರಬೇಕು.